ಮಿಲಿಟರಿ ವಿಮಾನ ಮೆಂಟೇನೆನ್ಸ್‌ದಾಗ ಸೂಪರ್ವೈಸರ್ ಆದ್ರಿ ಅಂದ್ರ ಏನೇನು ಗೊತ್ತಿರಬೇಕು, ಯಾವಾಗ ಗೊತ್ತಿರಬೇಕು

ಭಾಲ್ಕಿ ಕಡೆ ನಮ್ಮ ಪೈಕಿ ಹುಡುಗ ಒಬ್ಬ ಏರ್ ಫೋರ್ಸ್‌ದಾಗ ಅದಾನ, ಏರ್‌ಫ್ರೇಮ್ ಟ್ರೇಡು, ಅಂದ್ರ ವಿಮಾನದ ಮೈಕಟ್ಟಿನ ಕೆಲಸ. ಹೋದ ತಿಂಗಳ ಫೋನ್ ಮಾಡಿದ್ದ. "ಕಾಕಾ, ಸಾರ್ಜೆಂಟ್ ಆದೆ, ಕೈಕೆಳಗ ಆರು ಮಂದಿ ಕೊಟ್ಟಾರ, ಕೆಲಸ ಎಲ್ಲಾ ಬರ್ತದ ಆದ್ರ ಮುಂಜಾನಿ ಹ್ಯಾಂಗರ್‌ಗೆ ಹೋದ ಕೂಡ್ಲೆ ಮೊದಲ ಏನ್ ಕೇಳ್ಬೇಕು ಅನ್ನೋದೇ ತಿಳೀವಲ್ದು" ಅಂದ. ಒಂದ್ ತಾಸು ಮಾತಾಡಿದ್ವಿ. ಫೋನ್ ಇಟ್ಟ ಮ್ಯಾಲ ಅನಿಸ್ತು, ಇದನ್ನ ಬರೆದ್ರ ಇನ್ನೂ ನಾಕು ಮಂದಿಗೆ ಉಪಯೋಗ ಆಗ್ತದ, ಯಾಕಂದ್ರ ಬೀದರ ಕಲಬುರಗಿ ಯಾದಗಿರಿ ಹಳ್ಳಿಗಳಿಂದ ಏರ್‌ಮೆನ್ ಆಗಿ ಹೋದ ಹುಡುಗ್ರು ಅದಾರ, ಅವ್ರಿಗೆ ಕನ್ನಡದಾಗ ಇಂಥಾದ್ದು ಯಾರೂ ಹೇಳಂಗಿಲ್ಲ.

ಬೀದರದಾಗ ಇದ್ದವ್ರಿಗೆ ವಿಮಾನ ಹೊಸದಲ್ಲ. 2008ರ ಫೆಬ್ರವರಿದಾಗ ಹಾಕ್ ಟ್ರೇನರ್ ವಿಮಾನ ಏರ್ ಫೋರ್ಸ್‌ಗೆ ಸೇರಿದ್ದೇ ಇಲ್ಲಿ, ವಿಮಾನದ ಕಸರತ್ತು ತೋರಿಸೋ ಸೂರ್ಯಕಿರಣ ತಂಡದ ಮನೀನೂ ಇದೇ. ಮ್ಯಾಲ ಹಾರೋವ್ರನ್ನ ಎಲ್ಲಾರೂ ನೋಡ್ತಾರ, ಕೆಳಗ ರಾತ್ರಿ ಎರಡಕ್ಕ ಟಾರ್ಚ್ ಹಿಡಕೊಂಡು ಪ್ಯಾನಲ್ ಒಳಗ ತಲಿ ಹಾಕಿದವ್ನ ಯಾರೂ ನೋಡಂಗಿಲ್ಲ. ಅವನ ಬೆನ್ನ ಹಿಂದ ನಿಂತು "ಇದು ಹಾರಬಹುದು" ಅಂತ ಸೈನ್ ಮಾಡೋವ ಸೂಪರ್ವೈಸರ್. ಒಂದು ಮಾತು ಮೊದಲೇ ಹೇಳ್ತೀನಿ, ನೀವು ಏರ್‌ಮ್ಯಾನ್ ಇದ್ದಾಗ ನಿಮ್ಮ ಹತ್ಯಾರ ಸ್ಪ್ಯಾನರ್ ಇತ್ತು, ಸೂಪರ್ವೈಸರ್ ಆದ ದಿನದಿಂದ ನಿಮ್ಮ ಹತ್ಯಾರ ಮಾಹಿತಿ. ಸ್ಪ್ಯಾನರ್ ತುಕ್ಕು ಹಿಡಿದ್ರ ಕಣ್ಣಿಗೆ ಕಾಣ್ತದ, ಮಾಹಿತಿ ಹಳೇದಾದ್ರ ಕಾಣಂಗಿಲ್ಲ, ಅದೇ ತ್ರಾಸು.

ಇಲ್ಲಿ ಬರೆಯೋದೆಲ್ಲ ಯಾವ ಏರ್ ಫೋರ್ಸ್‌ದಾಗಾದ್ರೂ ನಡಿಯೋ ಸಾಮಾನ್ಯ ಸಂಗತಿ, ಸ್ಟೇಷನ್ ಗುಟ್ಟು ಯಾವುದೂ ಇಲ್ಲ. ನಿಮ್ಮ ಆರ್ಡರ್ ಬುಕ್ಕಿನಾಗ ಬ್ಯಾರೆ ಏನರ ಬರೆದಿದ್ರ ಅದೇ ನಡೀಬೇಕು, ನನ್ನ ಮಾತಲ್ಲ.

ಹೆಜ್ಜೆ 1: ವಿಮಾನ ಮುಟ್ಟೋಕಿಂತ ಮೊದಲ ರಿಜಿಸ್ಟರ್ ಓದ್ರಿ, ಅದೂ ಹಿಂದಿನಿಂದ

ಎಫ್-700, ಅಂದ್ರ ಒಂದೊಂದು ವಿಮಾನದ ಹಾರಾಟ ಮತ್ತ ರಿಪೇರಿ ಬರೆಯೋ ರಿಜಿಸ್ಟರ್, ತಗೊಂಡ ಕೂಡ್ಲೆ ಎಲ್ಲಾರೂ ಇವತ್ತಿನ ಪುಟ ನೋಡ್ತಾರ. ಇವತ್ತಿನ ಪುಟ ನಿಮಗ ಇವತ್ತಿನ ಸ್ನ್ಯಾಗ್ (ವಿಮಾನದಾಗ ಕಂಡ ದೋಷ) ಅಷ್ಟೇ ಹೇಳ್ತದ. ನೀವು ಹಿಂದಿನ ಹತ್ತು ಹದಿನೈದು ಹಾರಾಟದ ಎಂಟ್ರಿ ಓದ್ರಿ. ಒಂದೇ ಸ್ನ್ಯಾಗ್ ಮೂರು ಸಲ ಬಂದು ಮೂರೂ ಸಲ "ಗ್ರೌಂಡ್‌ದಾಗ ಚೆಕ್ ಮಾಡಿದ್ವಿ, ಸರಿ ಅದ" ಅಂತ ಮುಚ್ಚಿದ್ರ ತಿಳ್ಕೋರಿ, ಆ ಸ್ನ್ಯಾಗ್ ಹೋಗಿಲ್ಲ, ಬರೀ ಪೇನಾದಾಗ ಹೋಗ್ಯದ. ಮೂರು ಸಲ ಮೂರು ಬ್ಯಾರೆ ಬ್ಯಾರೆ ಮಂದಿ ನೋಡಿರ್ತಾರ, ಒಬ್ಬೊಬ್ಬರಿಗೂ ಅದು ಮೊದಲನೇ ಸಲ ಅನಿಸಿರ್ತದ, ಮೂರನ್ನೂ ಕೂಡಿಸಿ ನೋಡಬೇಕಾದವ್ರು ನೀವೊಬ್ಬರೇ.

1995ರ ಮೇ 30ಕ್ಕ ಜರ್ಮನಿಯ ಸ್ಪಾಂಗ್ಡಾಲೆಮ್‌ದಾಗ ಅಮೆರಿಕದವ್ರ ಎಫ್-15 ಒಂದು ಟೇಕಾಫ್ ಆದ ಕೂಡ್ಲೆ ಬಿತ್ತು, ಪೈಲಟ್ ಸತ್ತ. ಮೆಂಟೇನೆನ್ಸ್‌ದಾಗ ಎರಡು ಕಂಟ್ರೋಲ್ ರಾಡ್ ಅದಲುಬದಲು ಕೂಡಿಸಿದ್ರು. ಎದೆ ಹಿಂಡೋ ಸಂಗತಿ ಅಂದ್ರ ಅದೇ ತಪ್ಪು ಅದಕ್ಕಿಂತ ಮೊದಲೂ ಬ್ಯಾರೆ ಎಫ್-15ಗಳಾಗ ಆಗಿತ್ತು, ಆಗ ನೆಲದ ಮ್ಯಾಲೇ ಸಿಕ್ಕಿತ್ತು. ಸಿಕ್ಕ ಸುದ್ದಿ, ಅದೇ ಕೆಲಸ ಮುಂದ ಮಾಡೋವ್ರ ಕೈಗೆ ಎಚ್ಚರಿಕೆ ಆಗಿ ಮುಟ್ಟಲಿಲ್ಲ.

ರಿಜಿಸ್ಟರ್ ಓದೋವಾಗ ಮುಂದೂಡಿದ ಕೆಲಸ ಏನೇನು ಅದಾವ, ಅವಕ್ಕ ಕೊಟ್ಟ ಗಡುವು ಏನು, ಹಾರೋದಕ್ಕ ಏನರ ಕಟ್ಟುಪಾಡು ಹಾಕ್ಯಾರೋ, ಬ್ಯಾರೆ ವಿಮಾನದಿಂದ ಪಾರ್ಟ್ ಬಿಚ್ಚಿ ಇದಕ್ಕ ಹಾಕ್ಯಾರೋ ಅಥವಾ ಇದರದ್ದು ಬಿಚ್ಚಿ ಅದಕ್ಕ ಕೊಟ್ಟಾರೋ, ಇವನ್ನೆಲ್ಲ ಒಂದು ಚೀಟಿದಾಗ ಬರಕೋರಿ. ಪಾರ್ಟ್ ಬಿಚ್ಚಿ ಕೊಟ್ಟ ವಿಮಾನ ಭಾಳ ಎಚ್ಚರಿಕಿಂದ ನೋಡಬೇಕು, ಅದರಾಗ ಏನು ಇಲ್ಲ ಅನ್ನೋದು ಬರೆದಿಡಲಿಲ್ಲ ಅಂದ್ರ ಒಂದು ವಾರದಾಗ ಯಾರಿಗೂ ನೆನಪಿರಂಗಿಲ್ಲ.

ಹೆಜ್ಜೆ 2: ಮೂರು ಗಡಿಯಾರ ಬ್ಯಾರೆ ಬ್ಯಾರೆ ನೋಡ್ರಿ

ವಿಮಾನದಾಗ ಮೂರು ಗಡಿಯಾರ ಓಡ್ತಿರ್ತಾವ. ಒಂದು ಹಾರಿದ ತಾಸಿಂದು, ಒಂದು ಲ್ಯಾಂಡಿಂಗ್ ಮತ್ತ ಎಂಜಿನ್ ಸೈಕಲ್‌ದು, ಇನ್ನೊಂದು ಕ್ಯಾಲೆಂಡರ್‌ದು. ಹೊಸ ಸೂಪರ್ವೈಸರ್ ತಾಸು ಮಾತ್ರ ನೋಡ್ತಾನ. ಆದ್ರ ಟ್ರೇನಿಂಗ್ ವಿಮಾನದ ಲೆಕ್ಕ ಬ್ಯಾರೆ, ಕಲಿಯೋ ಹುಡುಗ ಒಂದೇ ಸಾರ್ಟಿದಾಗ (ಒಂದು ಸಲದ ಹಾರಾಟದಾಗ) ನಾಕಾರು ಸಲ ಟಚ್ ಅಂಡ್ ಗೋ, ಅಂದ್ರ ಚಕ್ರ ನೆಲಕ್ಕ ಮುಟ್ಟಿಸಿ ನಿಲ್ಲದೇ ಮತ್ತ ಏರೋದು, ಮಾಡ್ತಾನ, ತಾಸು ಒಂದು ಆಗಿರ್ತದ, ಚಕ್ರ ಐದು ಸಲ ನೆಲಕ್ಕ ಬಡಿದಿರ್ತಾವ. ಲ್ಯಾಂಡಿಂಗ್ ಗೇರಿಗೆ ತಾಸು ಗೊತ್ತಿಲ್ಲ, ಬಡಿತ ಅಷ್ಟೇ ಗೊತ್ತು. ಹಂಗೇ ಎಜೆಕ್ಷನ್ ಸೀಟಿನ (ಆಪತ್ತಿನಾಗ ಪೈಲಟ್‌ನ ಹೊರಗ ಚಿಮ್ಮಿಸೋ ಸೀಟು) ಸಿಡಿಮದ್ದಿನ ಕಾರ್ಟ್ರಿಡ್ಜ್, ರಬ್ಬರ್ ಸೀಲ್, ಹೋಸ್ ಇವು ವಿಮಾನ ಹಾರಿದ್ರೂ ಹಾರದೆ ನಿಂತ್ರೂ ತಾರೀಖಿನ ಪ್ರಕಾರ ಮುದಿಯಾಗ್ತಾವ. ವಿಮಾನ ಎರಡು ತಿಂಗಳ ಹ್ಯಾಂಗರ್‌ದಾಗ ನಿಂತಿತ್ತು, ಹಾರೇ ಇಲ್ಲ, ಹಂಗಾಗಿ ಏನೂ ಡ್ಯೂ ಇಲ್ಲ, ಅಂದ್ರ ಚೆಕ್ ಮಾಡೋ ಇಲ್ಲಾ ಬದಲಿಸೋ ಗಡುವು ಬಂದಿಲ್ಲ, ಅಂತ ಯಾರರ ಅಂದ್ರ ಆ ಮಾತು ನಂಬಬ್ಯಾಡ್ರಿ.

ಮುಂದಿನ ಎರಡು ವಾರಕ್ಕ ಯಾವ್ಯಾವ ಪಾರ್ಟ್ ಡ್ಯೂ ಬರ್ತಾವ ಅನ್ನೋ ಪಟ್ಟಿ ಪ್ರತಿ ಸೋಮವಾರ ತಗೀರಿ. ಕಂಪ್ಯೂಟರ್ ಸಿಸ್ಟಮ್ ಇದ್ರ ಅದರಾಗಿಂದ ತಗೀರಿ, ಆದ್ರ ಒಂದೆರಡು ಪಾರ್ಟಿನ ಸೀರಿಯಲ್ ನಂಬರ್ ವಿಮಾನದ ಮ್ಯಾಲೆ ಹೋಗಿ ಕಣ್ಣಾರೆ ನೋಡಿ ತಾಳೆ ಹಾಕ್ರಿ. ಸ್ಕ್ರೀನ್ ಮ್ಯಾಲಿನ ನಂಬರು ಮತ್ತ ಲೋಹದ ಮ್ಯಾಲಿನ ನಂಬರು ಬ್ಯಾರೆ ಆದ ದಿನ ಉಳಿದ ಕೆಲಸ ಬಿಟ್ಟು ಅದೊಂದೇ ಹಿಡೀರಿ.

ಹೆಜ್ಜೆ 3: ಪೈಲಟ್ ಕಡಿಂದ ಸ್ನ್ಯಾಗ್ ಹ್ಯಾಂಗ ಕೇಳ್ಬೇಕು

ಇದರ ಮ್ಯಾಲ ನಾ ಸ್ವಲ್ಪ ಹೆಚ್ಚಿಗೆ ಬರೀತೀನಿ, ಯಾಕಂದ್ರ ರಾತ್ರಿ ಕೆಲಸದಾಗ ಅರ್ಧ ಇಲ್ಲೇ ತಪ್ಪತದ ಇಲ್ಲಾ ಇಲ್ಲೇ ಹುಟ್ಟತದ.

ಪೈಲಟ್ ಇಳಿದು "ಎಡಕ್ಕ ಎಳೀತದ" ಅಂತ ಒಂದು ಸಾಲು ಬರೆದು ಹೋಗ್ತಾನ, ಅವನಿಗೆ ಬ್ರೀಫಿಂಗ್ ಇರ್ತದ, ಬಿಸಿಲು ಇರ್ತದ, ದಣದಿರ್ತಾನ. ಆ ಒಂದು ಸಾಲು ಹಿಡಕೊಂಡು ನೀವು ಆರು ಮಂದೀನ ಕೆಲಸಕ್ಕ ಹಚ್ಚಿದ್ರ ಆರೂ ಮಂದಿ ಆರು ಕಡೆ ಹುಡುಕ್ತಾರ. ಪೈಲಟ್ ಹೆಲ್ಮೆಟ್ ಕೆಳಗ ಇಡೋಕಿಂತ ಮೊದಲೇ ಹೋಗಿ ಕೇಳ್ರಿ. ಎಳದದ್ದು ಹಾರೋವಾಗೋ, ಓಡೋವಾಗೋ, ಬ್ರೇಕ್ ಹಿಡಿದಾಗೋ? ಸ್ಪೀಡ್ ಎಷ್ಟಿತ್ತು, ಎತ್ತರ ಎಷ್ಟಿತ್ತು, ಗೇರ್ ಕೆಳಗಿತ್ತೋ ಮ್ಯಾಲಿತ್ತೋ, ಫ್ಲಾಪ್ ಎಷ್ಟಿತ್ತು, ಇಂಧನ ಎಷ್ಟು ಉಳಿದಿತ್ತು? ಶುರುದಿಂದನೇ ಇತ್ತೋ ಹತ್ತು ನಿಮಿಷ ಆದ್ಮ್ಯಾಲ ಬಂತೋ? ಒಮ್ಮೆ ಆಗಿ ಹೋಯ್ತೋ, ಹಂಗೇ ಇತ್ತೋ? ಹಿಂದಿನ ಸೀಟಿನವ್ರಿಗೂ ಅನಿಸ್ತೋ? ಕಡೀಗೆ, ಅದನ್ನ ಸರಿ ಮಾಡಕ ಅವ್ರು ಏನ್ ಮಾಡಿದ್ರು? ಈ ಕಡೀ ಪ್ರಶ್ನೆ ಭಾಳ ಮಂದಿ ಕೇಳಂಗಿಲ್ಲ. ಪೈಲಟ್ ಒಂದು ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ರ ಸರಿ ಆಯ್ತು ಅಂದ್ರ ಅದೇ ನಿಮಗ ಅರ್ಧ ಉತ್ತರ.

ಆಫೀಸರ್ ಅದಾರ, ಹ್ಯಾಂಗ ಕೇಳೋದು ಅಂತ ಹಿಂಜರೀಬ್ಯಾಡ್ರಿ. "ಸರ್, ಎರಡು ನಿಮಿಷ ಬೇಕಿತ್ರಿ" ಅಂತ ಮರ್ಯಾದಿಂದ ಕೇಳಿದ್ರ ಯಾವ ಪೈಲಟ್ಟೂ ಇಲ್ಲ ಅನ್ನಂಗಿಲ್ಲ, ಅವರ ಜೀವಾನೇ ಅದರ ಮ್ಯಾಲೆ ಅದಲ್ಲ. ಕೇಳಿದ್ದನ್ನ ಅವರದೇ ಮಾತಿನಾಗ ಬರೀರಿ, ನಿಮ್ಮ ಊಹಾ ಸೇರಿಸಬ್ಯಾಡ್ರಿ. "ಬ್ರೇಕ್ ಸ್ನ್ಯಾಗ್" ಅಂತ ನೀವು ಬರೆದು ಬಿಟ್ರ ನಿಮ್ಮ ಹುಡುಗ್ರು ಬ್ರೇಕ್ ಬಿಟ್ಟು ಬ್ಯಾರೆ ಏನೂ ನೋಡಂಗಿಲ್ಲ.

ಹೆಜ್ಜೆ 4: ಪುಸ್ತಕ, ಪಾರ್ಟ್, ಟೂಲ್, ಈ ಮೂರೂ ಕೈಗೆ ಬರೋ ತನಕ ಕೆಲಸ ಹಚ್ಚಬ್ಯಾಡ್ರಿ

1990ರ ಜೂನ್ 10ರ ಕಥಿ ಎಲ್ಲಾ ಸೂಪರ್ವೈಸರ್‌ಗೂ ಗೊತ್ತಿರಬೇಕು. ಅದು ಪ್ಯಾಸೆಂಜರ್ ವಿಮಾನ, ಆದ್ರ ಪಾಠ ನಮಗೂ ಅದೇ. ಬ್ರಿಟಿಷ್ ಏರ್ವೇಸ್ 5390 ಬರ್ಮಿಂಗ್‌ಹ್ಯಾಮ್‌ದಿಂದ ಎದ್ದು ಸುಮಾರು 17,300 ಅಡಿ ಎತ್ತರದಾಗ ಇದ್ದಾಗ ಕ್ಯಾಪ್ಟನ್ ಮುಂದಿನ ಗಾಜು ಕಿತ್ತು ಹೋಯ್ತು, ಕ್ಯಾಪ್ಟನ್ ಅರ್ಧ ಮೈ ಹೊರಗ. ಕ್ರೂ ಮಂದಿ ಕಾಲು ಹಿಡಕೊಂಡ್ರು, ಕೋ ಪೈಲಟ್ ವಿಮಾನ ಇಳಿಸಿದ, ಕ್ಯಾಪ್ಟನ್ ಬದುಕಿದ. ಆ ಗಾಜು ಹಾಕಿ 27 ತಾಸು ಆಗಿತ್ತಷ್ಟೇ. 90 ಬೋಲ್ಟ್‌ದಾಗ 84 ಬೋಲ್ಟ್ ದಪ್ಪ ಕಮ್ಮಿ, ಉಳಿದ 6 ಉದ್ದ ಕಮ್ಮಿ. ಹಾಕಿದವ ಯಾರು? ಹೊಸ ಹುಡುಗ ಅಲ್ಲ, ಶಿಫ್ಟಿನ ಮ್ಯಾನೇಜರ್ರೇ. ಮಂದಿ ಕಮ್ಮಿ ಇದ್ರು ಅಂತ ತಾನೇ ಕೆಲಸ ಮಾಡಿದ, ಪಾರ್ಟ್ ಕ್ಯಾಟಲಾಗ್ ನೋಡಲಿಲ್ಲ, ಹಳೇ ಬೋಲ್ಟ್ ಹಿಡಕೊಂಡು ಮಬ್ಬು ಬೆಳಕಿನಾಗ ಕಣ್ಣಳತಿ ಮ್ಯಾಲ ಹೊಸಾ ಬೋಲ್ಟ್ ಆರಿಸಿದ. ಸ್ಟೋರ್‌ದಾಗ ಇದ್ದ ಹಿರಿಯ ಮನುಷ್ಯ ಈ ಜಾಗಕ್ಕ ಬ್ಯಾರೆ ಬೋಲ್ಟ್ ಬರ್ತದ ಅಂತ ಹೇಳಿದ್ದ, ಅದೂ ಕಿವಿಗೆ ಹೋಗಲಿಲ್ಲ.

ನೋಡ್ರಿ, ಸರಿಯಾದ ಮಾಹಿತಿ ಎರಡು ಕಡೆ ಇತ್ತು, ಕ್ಯಾಟಲಾಗ್‌ದಾಗ ಇತ್ತು, ಸ್ಟೋರಿನವನ ಬಾಯಾಗ ಇತ್ತು. ಎರಡೂ ಕಡೆಯಿಂದ ಸೈನ್ ಮಾಡೋವನ ಕೈಗೆ ಬರಲಿಲ್ಲ. ಅದಕ್ಕ ಕೆಲಸ ಹಂಚೋಕಿಂತ ಮೊದಲ ಇವನ್ನ ನೋಡ್ರಿ. ಮ್ಯಾನುಯಲ್ ಕಡೀ ತಿದ್ದುಪಡಿ ತನಕ ಅದನೋ, ಆ ಕೆಲಸಕ್ಕ ಸಂಬಂಧಪಟ್ಟ ಹೊಸ ಇನ್ಸ್ಟ್ರಕ್ಷನ್ ಏನರ ಬಂದದನೋ, ಪಾರ್ಟ್ ನಂಬರ್ ಪುಸ್ತಕದ ಪ್ರಕಾರ ಅದನೋ (ಬಿಚ್ಚಿದ ಪಾರ್ಟಿನ ಪ್ರಕಾರ ಅಲ್ಲ, ಬಿಚ್ಚಿದ್ದೇ ತಪ್ಪು ಇರಬಹುದು, ಆ ಗಾಜಿನ ಹಳೇ ಬೋಲ್ಟ್‌ಗಳೇ ಸರಿಯಾದವು ಇರಲಿಲ್ಲ), ಟಾರ್ಕ್ ರೆಂಚಿನ (ಅಳತಿ ಇಟ್ಟು ಬೋಲ್ಟ್ ಬಿಗಿ ಮಾಡೋ ಪಾನಾ) ಕ್ಯಾಲಿಬ್ರೇಷನ್, ಅಂದ್ರ ಅದರ ಅಳತಿ ಸರಿ ಅದನೋ ಅಂತ ನೋಡೋ, ತಾರೀಖು ಮುಗಿದದನೋ. ಪಾರ್ಟ್ ಇಲ್ಲ ಅಂದ್ರ ಇಂಡೆಂಟ್ (ಸ್ಟೋರಿಗೆ ಬೇಡಿಕಿ ಚೀಟಿ) ಹಾಕಿ ಅದರ ನಂಬರ್ ಬರಕೊಂಡು ಎಂದು ಬರ್ತದ ಅಂತ ಕೇಳಿ ಇಟ್ಕೋರಿ. ಸ್ಟೋರಿನವ್ರ ಜೊತಿ ಸಂಬಂಧ ಛಲೋ ಇಟ್ಕೊಂಡ್ರ ಕಂಪ್ಯೂಟರ್ ಹೇಳದ ಎಷ್ಟೋ ಮಾತು ಅವ್ರು ಹೇಳ್ತಾರ.

ನಮ್ಮ ಕಡೆ ಬಿಸಿಲಿನ ಮಾತೂ ಒಂದು ಅದ. ಮೇ ತಿಂಗಳದಾಗ 40 ಡಿಗ್ರಿ ದಾಟತದ, ಮುಂಜಾನಿ ಆರಕ್ಕ ನೋಡಿದ, ಟೈರಿನಂಥಾದ್ರಾಗ ತುಂಬಿದ ನೈಟ್ರೋಜನ್ ಪ್ರೆಷರ್ ಮಧ್ಯಾಹ್ನ ಎರಡಕ್ಕ ಅಷ್ಟೇ ಇರಂಗಿಲ್ಲ. ಗೇಜ್ ರೀಡಿಂಗ್ ಬರೆಯೋವಾಗ ಆಗಿನ ಟೆಂಪರೇಚರ್ ಮತ್ತ ಟೈಮ್ ಎರಡೂ ಬರೆಸ್ರಿ, ಚಾರ್ಟ್ ನೋಡಿ ತಾಳೆ ಹಾಕಿಸ್ರಿ. ಬರೀ ನಂಬರ್ ಬರೆದ್ರ ಮರುದಿನ ಅದು ಯಾವ ಕೆಲಸಕ್ಕೂ ಬರಂಗಿಲ್ಲ. ಗಾಳಿ ಎದ್ದಾಗ ನಮ್ಮ ಕೆಮ್ಮಣ್ಣಿನ ಧೂಳಿ, ಮಳಿಗಾಲದಾಗ ಕನೆಕ್ಟರ್ ಒಳಗಿನ ತೇವ, ಇವೂ ಸ್ನ್ಯಾಗ್ ಹುಡುಕೋವಾಗ ನೆನಪಿರಬೇಕು. ಸ್ನ್ಯಾಗ್ ಬಂದ ದಿನ ಹವಾ ಹ್ಯಾಂಗಿತ್ತು ಅಂತ ಒಂದು ಶಬ್ದ ಬರೆದ್ರೂ ಸಾಕು.

ಹೆಜ್ಜೆ 5: ನಿಮ್ಮ ಮಂದಿ ಬಗ್ಗೆ ಗೊತ್ತಿರಬೇಕು

ಯಾರಿಗೆ ಯಾವ ಕೆಲಸದ ಆಥರೈಸೇಷನ್ ಅದ, ಅದು ಎಂದು ಮುಗೀತದ, ಇದು ಕಾಗದದ ಮಾತು, ಸಿಗ್ತದ. ಆದ್ರ ಆ ಕೆಲಸ ಅವ ಕಡೀಗೆ ಎಂದು ಮಾಡ್ಯಾನ? ಎರಡು ವರ್ಷದ ಹಿಂದ ಒಮ್ಮೆ ಮಾಡಿದವ ಕಾಗದದ ಮ್ಯಾಲ ಪಾಸ್, ಕೈಯಾಗ ಮರೆತಿರ್ತಾನ. ಅವನ ಜೊತಿ ಮೊನ್ನೆ ಮಾಡಿದವನ ಹಚ್ಚ್ರಿ.

ಮತ್ತ ಯಾರು ರಾತ್ರಿ ನಿದ್ದಿ ಮಾಡಿಲ್ಲ, ಯಾರ ಮನ್ಯಾಗ ತಾಯಿಗೆ ಆರಾಮಿಲ್ಲ, ಯಾರಿಗೆ ರಜಾ ಸಿಕ್ಕಿಲ್ಲ, ಇವನ್ನೆಲ್ಲ ಯಾವ ರಿಜಿಸ್ಟರೂ ಹೇಳಂಗಿಲ್ಲ. ಚಾ ಕುಡಿಯೋವಾಗ ಎರಡು ಮಾತು ಕೇಳಿದ್ರ ಗೊತ್ತಾಗ್ತದ. ಫ್ಲೈಟ್ ಕಂಟ್ರೋಲ್ ಕೆಲಸ ಇದ್ದ ದಿನ ಅಂಥವ್ರಿಗೆ ಬ್ಯಾರೆ ಕೆಲಸ ಕೊಡ್ರಿ. ಇದು ದಯಾ ಅಷ್ಟೇ ಅಲ್ಲ, ಇದೂ ಸುರಕ್ಷತೆನೇ.

ಇನ್ನೊಂದು, ಹುಡುಗ್ರು ನಿಮಗ ಕೆಟ್ಟ ಸುದ್ದಿ ಹೇಳ್ತಾರೋ ಇಲ್ಲೋ ಅನ್ನೋದು ನಿಮ್ಮ ಮುಖ ನೋಡಿ ಅವ್ರು ನಿರ್ಧಾರ ಮಾಡ್ತಾರ. ಒಂದ್ ಸಲ ರಾತ್ರಿ ಶಿಫ್ಟ್ ಮುಗಿಯೋವಾಗ ಒಬ್ಬ ಸಣ್ಣ ಹುಡುಗ ಬಂದು "ಸರ್, 10 ನಂಬರ್ ಸಾಕೆಟ್ ಸಿಗವಲ್ದು" ಅಂದ, ಅವನ ಕೈ ನಡಗ್ತಿತ್ತು. ಎರಡೂವರೆ ತಾಸು ಹುಡುಕಿದ್ವಿ, ಕಾಕ್‌ಪಿಟ್ ನೆಲದ ಕೆಳಗ ಸಿಕ್ತು, ಕಂಟ್ರೋಲ್ ಕೇಬಲ್ ಹತ್ರ. ಆ ಹುಡುಗಗ ಎಲ್ಲಾರ ಮುಂದ ಶಭಾಷ್ ಅಂದೆ. ಅವತ್ತು ಬೈದಿದ್ರ ಮುಂದಿನ ಸಾಕೆಟ್ ಬಗ್ಗೆ ನನಗ ಯಾರೂ ಹೇಳ್ತಿರಲಿಲ್ಲ.

ಹೆಜ್ಜೆ 6: ಸೈನ್ ಮಾಡೋಕಿಂತ ಮೊದಲ

ಇದು ಸಣ್ಣದು. ನೀವು ಕಣ್ಣಾರೆ ನೋಡಿದ್ದಕ್ಕ ಮಾತ್ರ ನೋಡೀನಿ ಅಂತ ಸೈನ್ ಮಾಡ್ರಿ. ಪ್ಯಾನಲ್ ಮುಚ್ಚಿದ ಮ್ಯಾಲ ಕರೆದ್ರ ಬಿಚ್ಚಿಸ್ರಿ, ಬೇಜಾರ ಮಾಡ್ಕೊಳ್ಳಲಿ. ಕೆಲಸ ಮಾಡಿದವನೂ ಚೆಕ್ ಮಾಡಿದವನೂ ಒಬ್ಬನೇ ಆಗಬಾರದು, ಬರ್ಮಿಂಗ್‌ಹ್ಯಾಮ್‌ದಾಗ ಆದದ್ದು ಅದೇ. ಟೂಲ್ ಶ್ಯಾಡೋ ಬೋರ್ಡ್ (ಒಂದೊಂದು ಟೂಲಿನ ಆಕಾರ ಬರೆದ ಹಲಗಿ, ಇಲ್ಲದ್ದು ಕೂಡ್ಲೆ ಕಾಣ್ತದ) ತುಂಬಿದ ಮ್ಯಾಲೇ ಪೇನಾ ತಗೀರಿ.

ಹೆಜ್ಜೆ 7: ಶಿಫ್ಟ್ ಕೊಡೋದು, ಶಿಫ್ಟ್ ತಗೋಳೋದು

1991ರ ಸೆಪ್ಟೆಂಬರ್ 11ಕ್ಕ ಅಮೆರಿಕದ ಟೆಕ್ಸಾಸ್‌ದಾಗ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ 2574 ಅನ್ನೋ ಸಣ್ಣ ವಿಮಾನ ಗಾಳಿದಾಗೇ ಒಡೆದು 14 ಮಂದಿ ಸತ್ರು. ಹಿಂದಿನ ರಾತ್ರಿ ಬಾಲದ ಅಡ್ಡ ರೆಕ್ಕಿ ಮ್ಯಾಲಿನ ಸ್ಕ್ರೂಗಳನ್ನ ಒಂದು ಶಿಫ್ಟಿನವ್ರು ಎರಡೂ ಕಡೆ ಬಿಚ್ಚಿದ್ರು, ಮುಂದಿನ ಶಿಫ್ಟಿನವ್ರು ಬಲಗಡಿ ಕೆಲಸ ಮಾಡಿ ಮುಗಿಸಿದ್ರು, ಎಡಗಡಿ ಬಿಚ್ಚಿದ್ದು ಅವ್ರಿಗೆ ಗೊತ್ತೇ ಆಗಲಿಲ್ಲ. 47 ಸ್ಕ್ರೂ ಇಲ್ಲದೇ ವಿಮಾನ ಹಾರಿತು. ಬಿಚ್ಚಿದ್ದು ಕೆಲಸದ ಕಾರ್ಡಿನ ಮ್ಯಾಲ ಬರೆದಿರಲಿಲ್ಲ, ಬಾಯಿ ಮಾತು ಅರ್ಧ ದಾರಿಗೆ ನಿಂತಿತ್ತು.

ನನಗೂ ಒಮ್ಮೆ ಹಿಂಗ ಆಗಿತ್ತು, ಎಲ್ಲಿ ಅಂತ ಹೇಳಂಗಿಲ್ಲ. ಹಿಂದಿನ ಶಿಫ್ಟಿನವ್ರು "ಎಲ್ಲಾ ಆಗ್ಯದ, ಪ್ಯಾನಲ್ ಮುಚ್ಚೋದೊಂದೇ ಉಳಿದದ" ಅಂದ್ರು, ನಾ ನಂಬಿ ಮುಚ್ಚಿಸಕ ಹೊಂಟಿದ್ದೆ, ಕಾರ್ಪೋರಲ್ ಒಬ್ಬ ಒಳಗ ಟಾರ್ಚ್ ಬಿಟ್ಟು "ಸರ್ ಇಲ್ಲಿ ಸ್ಪ್ಲಿಟ್ ಪಿನ್ ಕಾಣಸವಲ್ದು" ಅಂದ, ನಟ್ ಸಡಿಲ ಆಗದಂಗ ಹಿಡಿಯೋ ಪಿನ್ ಅದು. ಆ ರಾತ್ರಿ ನನಗ ನಿದ್ದಿ ಬರಲಿಲ್ಲ. ಮರುದಿನದಿಂದ ನಾ ಮಾಡಿದ ಪದ್ಧತಿ ಇದು, ನೀವೂ ಮಾಡ್ರಿ. ಹ್ಯಾಂಡೋವರ್ ಟೇಬಲ್ ಮುಂದ ಮಾಡಬ್ಯಾಡ್ರಿ, ವಿಮಾನದ ಮುಂದ ನಿಂತು ಮಾಡ್ರಿ. ಏನ್ ಆಗ್ಯದ ಅಂತ ಕೇಳಬ್ಯಾಡ್ರಿ, ಏನ್ ಬಿಚ್ಚೀರಿ ಅಂತ ಕೇಳ್ರಿ. ಬಿಚ್ಚಿದ ಪ್ರತಿಯೊಂದು ಪ್ಯಾನಲ್, ಪೈಪ್, ಕನೆಕ್ಟರ್, ಒಂದು ಸ್ಕ್ರೂ ಇದ್ರೂ, ಬಿಚ್ಚಿದ ಕೂಡ್ಲೆ ಬರೀಬೇಕು, ಕೆಲಸ ಮುಗಿದ ಮ್ಯಾಲ ಅಲ್ಲ. ಅರ್ಧ ಬಿಗಿ ಮಾಡಿದ್ರ ಅದಕ್ಕ ಕೆಂಪು ಟ್ಯಾಗ್. ತಗೋಳೋವ್ರು ಕೇಳಿದ್ದನ್ನ ತಮ್ಮ ಮಾತಿನಾಗ ತಿರುಗಿ ಹೇಳಬೇಕು, ಎಲ್ಲಿ ತಪ್ಪಿ ತಿಳ್ಕೊಂಡಾರ ಅನ್ನೋದು ಆಗ ಹೊರಗ ಬರ್ತದ. ಹದಿನೈದು ನಿಮಿಷ ಹೋಗ್ತದ, ಹೋಗಲಿ.

ಹೆಜ್ಜೆ 8: ಮ್ಯಾಲಿನವ್ರಿಗೆ ಏನ್ ಹೇಳ್ಬೇಕು

ಎಂಜಿನಿಯರಿಂಗ್ ಆಫೀಸರ್ ಸಂಜಿಗೆ ಕೇಳೋದು ಒಂದೇ ಪ್ರಶ್ನೆ, ನಾಳಿಗೆ ಎಷ್ಟು ವಿಮಾನ? ಅವ್ರಿಗೆ ಮ್ಯಾಲಿಂದ ಅದೇ ಕೇಳ್ತಿರ್ತಾರ. ಆಗ ಬಾಯಿಗೆ "ಆಗ್ತದ ಸರ್" ಅಂತ ಬಂದೇ ಬರ್ತದ. ಬರಗೊಡಬ್ಯಾಡ್ರಿ. ಮೂರು ತುಂಡು ಮಾಡಿ ಹೇಳ್ರಿ: ಇಷ್ಟು ಈಗ ರೆಡಿ, ಇಷ್ಟು ಇಂಥಾ ಕೆಲಸ ಮುಗಿದ್ರ ಇಂಥಾ ಹೊತ್ತಿಗೆ ರೆಡಿ, ಇಷ್ಟು ಇಂಥಾ ಪಾರ್ಟ್ ಬರೋ ತನಕ ಇಲ್ಲ. ಕಾರಣ ಮತ್ತ ಟೈಮ್ ಕೊಟ್ಟು ಹೇಳಿದ ಇಲ್ಲ ಅನ್ನೋ ಮಾತಿನ ಮ್ಯಾಲ ಆಫೀಸರ್ ಪ್ಲಾನ್ ಬದಲಿಸಬಹುದು, ಸುಮ್ನ ಹೇಳಿದ ಹೂಂ ಮ್ಯಾಲ ಏನೂ ಮಾಡಕಾಗಂಗಿಲ್ಲ. ನಾಳಿ ಫ್ಲೈಯಿಂಗ್ ಪ್ರೋಗ್ರಾಮ್ ಏನದ ಅಂತ ನೀವೂ ಅವರನ್ನ ಕೇಳ್ರಿ, ಯಾವ ವಿಮಾನ ಮೊದಲ ಬೇಕು ಅಂತ ಗೊತ್ತಿದ್ರ ರಾತ್ರಿ ಮಂದೀನ ಹಂಗ ಹಚ್ಚಬಹುದು.

ಈ ನಂಬರ್‌ಗಳು ಹ್ಯಾಂಗರ್ ಗೋಡೆ ದಾಟಬಾರದು. ಎಷ್ಟು ವಿಮಾನ ರೆಡಿ, ಯಾವ ಪಾರ್ಟ್ ಸಿಗವಲ್ದು ಅನ್ನೋದು ವಾಟ್ಸಾಪ್‌ದಾಗ ಹಾಕೋ ಮಾತಲ್ಲ, ನಿಮ್ಮ ಟ್ರೇಡಿನ ಗೆಳೆಯರ ಗ್ರೂಪ್ ಇದ್ರೂ. ಸ್ನ್ಯಾಗ್ ಫೋಟೋನೂ ಹಂಗೇ.

ಹೆಜ್ಜೆ 9: ತಲ್ಯಾಗ ಇದ್ದದ್ದು ಕಾಗದಕ್ಕ ತರ್ರಿ

ಬೀದರದ ಬಿದರಿ ಕೆಲಸದವ್ರು ಕೋಟೆಯೊಳಗಿನ ಹಳೇ ಮಣ್ಣು ನಾಲಿಗಿ ಮ್ಯಾಲ ಇಟ್ಟು ನೋಡ್ತಾರ, ಈ ಮಣ್ಣಿಂದ ಕಪ್ಪು ಬಣ್ಣ ಛಲೋ ಬರ್ತದೋ ಇಲ್ಲೋ ಅಂತ ರುಚಿ ಮ್ಯಾಲೇ ಹೇಳ್ತಾರ. ಆ ವಿದ್ಯಾ ಅಪ್ಪನ ಕಡಿಂದ ಮಗನಿಗೆ ಬರ್ತದ, ಒಂದೇ ಓಣಿ, ಒಂದೇ ಮನಿ, ಹಂಗಾಗಿ ಬರೀದಿದ್ರೂ ಉಳದದ. ನಮ್ಮ ಕೆಲಸ ಹಂಗಲ್ಲ. ನಿಮ್ಮ ಪಕ್ಕದಾಗ ನಿಂತವ ನಾಕು ವರ್ಷಕ್ಕ ಜೋಧಪುರಕ್ಕೋ ತೇಜಪುರಕ್ಕೋ ಪೋಸ್ಟಿಂಗ್ ಹೋಗ್ತಾನ, ಅವನ ತಲ್ಯಾಗಿಂದೂ ಅವನ ಜೊತಿಗೇ ಹೋಗ್ತದ.

ಬೀದರಕ್ಕ ಹಾಕ್ ಬಂದ ಅದೇ ಫೆಬ್ರವರಿ 2008ರಾಗ, ಗುವಾಮ್ ದ್ವೀಪದಾಗ ಅಮೆರಿಕದವ್ರ ಬಿ-2 ಬಾಂಬರ್ ಟೇಕಾಫ್‌ದಾಗೇ ಬಿತ್ತು, ಸುಮಾರು 140 ಕೋಟಿ ಡಾಲರ್‌ದ ವಿಮಾನ, ಪೈಲಟ್‌ಗಳಿಬ್ಬರೂ ಎಜೆಕ್ಟ್ ಆಗಿ ಉಳಿದ್ರು. ಗಾಳಿ ಒತ್ತಡ ಅಳತಿ ಮಾಡೋ 24 ಸೆನ್ಸರ್‌ದಾಗ 3ರ ಒಳಗ ತೇವ ಹೋಗಿತ್ತು, ಆ ಸ್ಥಿತಿದಾಗೇ ಕ್ಯಾಲಿಬ್ರೇಟ್ ಮಾಡಿದ್ರು, ಕಂಪ್ಯೂಟರ್‌ಗೆ ಸ್ಪೀಡೂ ತಪ್ಪು ಹೋಯ್ತು, ಮೂತಿ ಎತ್ತಬೇಕೋ ಇಳಿಸಬೇಕೋ ಅನ್ನೋದೂ ತಪ್ಪು ಹೋಯ್ತು. ಹೀಟರ್ ಮೊದಲ ಆನ್ ಮಾಡಿ ತೇವ ಆರಿಸಿ ಆಮ್ಯಾಲ ಕ್ಯಾಲಿಬ್ರೇಟ್ ಮಾಡಬೇಕು ಅನ್ನೋದು ಕೆಲವ್ರಿಗೆ ಗೊತ್ತಿತ್ತು, ಮೊದಲಿನ ಸಲ ಗುವಾಮ್‌ಗೆ ಬಂದವ್ರು ಕಲಿತಿದ್ರು. ಆದ್ರ ಅದು ಪುಸ್ತಕಕ್ಕ ಹತ್ತಲಿಲ್ಲ, ಮುಂದಿನ ತಂಡಕ್ಕ ಮುಟ್ಟಲಿಲ್ಲ.

ಅದಕ್ಕ ನಿಮ್ಮ ಹುಡುಗ್ರು ಏನರ ಹೊಸ ಯುಕ್ತಿ ಕಂಡುಹಿಡಿದ್ರ, ಈ ಕನೆಕ್ಟರ್ ಮಳಿಗಾಲದಾಗ ಹಿಂಗ ಆಗ್ತದ, ಈ ಬ್ರಾಕೆಟ್ ಇಲ್ಲೇ ಸೀಳ್ತದ ಅಂತ, ಅದನ್ನ ಹಂಗೇ ಬಳಸಬ್ಯಾಡ್ರಿ, ಮುಚ್ಚೂ ಇಡಬ್ಯಾಡ್ರಿ. ಡಿಫೆಕ್ಟ್ ರಿಪೋರ್ಟ್ ಹಾಕ್ರಿ, ಮ್ಯಾನುಯಲ್ ತಿದ್ದುಪಡಿಗೆ ಬರೀರಿ, ಒಪ್ಪಿಗಿ ಬರೋ ತನಕ ಪುಸ್ತಕದ ಪ್ರಕಾರನೇ ಮಾಡ್ರಿ. ಉತ್ತರ ಬರಕ ತಿಂಗಳುಗಟ್ಟಲೆ ಆಗಬಹುದು, ಬೆನ್ನ ಹತ್ತ್ರಿ. ಏನೂ ಉತ್ತರ ಇಲ್ಲ ಅಂತ ಮಂದಿ ಬರೆಯೋದೇ ಬಿಟ್ರ ಆ ತಿಳುವಳಿಕಿ ಮತ್ತ ತಲ್ಯಾಗೇ ಉಳೀತದ.

ಪೋಸ್ಟಿಂಗ್ ಆರ್ಡರ್ ಬಂತಂದ್ರ ಕಡೀ ವಾರ ಎರಡು ದಿನ ಖಾಲಿ ಇಟ್ಕೋರಿ. ನಿಮ್ಮ ಜಾಗಕ್ಕ ಬರೋವನ ಕರಕೊಂಡು ಒಂದೊಂದು ವಿಮಾನದ ಮುಂದ ನಿಲ್ರಿ, ರಿಜಿಸ್ಟರ್ ತೆಗೆದು ಹಿಡೀರಿ, ಇದರ ಎಡಗಡಿ ಗೇರ್ ಮೈಕ್ರೋಸ್ವಿಚ್ ಮೂರು ಸಲ ಬದಲಿ ಆಗ್ಯದ, ಇದು ಮಳಿ ಬಂದ ಮರುದಿನ ರೇಡಿಯೋ ಸ್ನ್ಯಾಗ್ ಕೊಡ್ತದ, ಇದರ ಇಂಡೆಂಟ್ ಇಂಥಾ ತಾರೀಖಿನಿಂದ ಬಾಕಿ ಅದ ಅಂತ ಎಂಟ್ರಿ ತೋರಿಸಿ ತೋರಿಸಿ ಹೇಳ್ರಿ. ಎಂಟ್ರಿ ಇಲ್ಲದ್ದು ಏನರ ನೆನಪಾದ್ರ ಅಲ್ಲೇ ನಿಂತು ಅವನ ಮುಂದೇ ಬರೆದು, ಆಮ್ಯಾಲೇ ಮುಂದಿನ ವಿಮಾನಕ್ಕ ಹೋಗ್ರಿ.